ಮುರಿದ ಏಣಿಗೆ ಹೊಣೆ ಯಾರು?

ಏಣಿಯಿಂದ ಬಿದ್ದವರನ್ನು ನೋಡಲು ಆಸ್ಪತ್ರೆಗೆ ಹೋದ ನೆಂಟರು ಎಷ್ಟು ಎತ್ತರದಿಂದ ಬಿದ್ದೆ, ಎಲ್ಲೆಲ್ಲಿ ಮುರಿದಿದೆ, ರಾಡ್ ಹಾಕಿದರಾ ಎಂದು ಕೇಳುತ್ತಾರೆ. ಆ ಏಣಿ ಎಲ್ಲಿಯದು, ಯಾರು ಮಾಡಿದ್ದು, ಯಾವ ಜಾಗದಲ್ಲಿ ಕಿತ್ತುಬಂತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಬಿದ್ದವನೂ ‘ಗ್ರಹಚಾರ, ಕಾಲು ಜಾರಿತು’ ಎಂದೇ ಹೇಳುತ್ತಾನೆ. ಅವನು ಮನೆಗೆ ಮರಳುವಷ್ಟರಲ್ಲಿ ಏಣಿ ಗುಜರಿಯವನ ಗಾಡಿ ಹತ್ತಿರುತ್ತದೆ. ಬಿದಿರಿನದಾದರೆ ನೀರೊಲೆ ಸೇರಿರುತ್ತದೆ. ಕಾನೂನು ಕೊಡಿಸಬಹುದಾಗಿದ್ದ ಪರಿಹಾರದ ದೊಡ್ಡ ಸಾಕ್ಷಿ ಅಲ್ಲಿಗೆ ಮುಗಿಯಿತು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಏಣಿ ಹತ್ತಿ ಅನ್ನ ಸಂಪಾದಿಸುವವರು ಊರೂರಿಗೂ ಇದ್ದಾರೆ. ಚನ್ನರಾಯಪಟ್ಟಣದ ತೋಟಗಳಲ್ಲಿ ತೆಂಗಿನಕಾಯಿ ಕೆಡವುವವರು, ಮಳೆಗಾಲಕ್ಕೆ ಮುಂಚೆ ಹೊಳೆನರಸೀಪುರದ ಹಳೆಯ ಮನೆಗಳ ಹೆಂಚು ಕೈಯಾಡಿಸುವವರು, ರಾಮನಾಥಪುರದ ಸುತ್ತ ಹೊಗೆಸೊಪ್ಪಿನ ಬ್ಯಾರನ್ನಿನೊಳಗೆ ಕಡ್ಡಿ ಏರಿಸುವವರು, ಹಾಸನದ ಹೊಸ ಬಡಾವಣೆಗಳಲ್ಲಿ ಗಾರೆ, ಬಣ್ಣ, ವೈರಿಂಗ್ ಕೆಲಸದವರು. ಕೊಣನೂರಿನಿಂದಾಚೆ ಕೊಡಗಿನ ಸೀಮೆ, ಇತ್ತ ಆಲೂರು, ಸಕಲೇಶಪುರದ ಕಾಫಿ ತೋಟಗಳು. ಮೆಣಸಿನ ಕೊಯ್ಲು ಬಂದರೆ ಇಪ್ಪತ್ತೈದು ಮೂವತ್ತು ಅಡಿಯ ಏಣಿ ಹೊತ್ತು ಮರದಿಂದ ಮರಕ್ಕೆ ನಡೆಯುವವರು. ಹಿಂದೆ ಬಿದಿರಿನ ಏಣಿಯನ್ನು ಕಟ್ಟಿದವನೇ ಅದನ್ನು ಹತ್ತುತ್ತಿದ್ದ. ಯಾವ ಗಿಣ್ಣು ಪೊಳ್ಳು, ಯಾವ ಕಟ್ಟು ಸಡಿಲ ಎಂಬುದು ಅವನಿಗೇ ಗೊತ್ತಿರುತ್ತಿತ್ತು. ಈಗ ಅಲ್ಯೂಮಿನಿಯಂ ಏಣಿ, ಮಡಚುವ ಏಣಿ, ಒಂದರೊಳಗೊಂದು ಸೇರಿಕೊಳ್ಳುವ ಟೆಲಿಸ್ಕೋಪಿಕ್ ಏಣಿ ಬಂದಿವೆ. ಮಾಡಿದವನು ಒಂದೂರು, ಮಾರಿದವನು ಇನ್ನೊಂದೂರು, ಬೀಳುವವನು ಮತ್ತೊಂದೂರು. ರಿವಿಟ್ಟು ಸಡಿಲವೋ, ಲಾಕು ಪೂರ್ತಿ ಕೂತಿದೆಯೋ, ಒಳಗಿನ ತಗಡು ಎಷ್ಟು ತೆಳುವೋ ಹತ್ತುವವನಿಗೆ ಕಾಣುವುದಿಲ್ಲ. ಹೊಣೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಈ ಪ್ರಶ್ನೆಗೆ ಲೋಕದ ಕಾನೂನು ಉತ್ತರ ಕಂಡುಕೊಳ್ಳಲು ಬಹಳ ಕಾಲ ಹಿಡಿಯಿತು. ನೇರವಾಗಿ ಕೊಂಡವನಿಗಷ್ಟೇ ತಯಾರಕ ಉತ್ತರಿಸಬೇಕು, ಬೇರೆಯವರಿಗಿಲ್ಲ ಎಂಬುದು ಹಳೆಯ ವಾದ. 1932ರಲ್ಲಿ ಬ್ರಿಟನ್ನಿನ ಲಾರ್ಡ್ಸ್ ಸಭೆ ಆ ವಾದವನ್ನು ತಳ್ಳಿಹಾಕಿತು. ಸ್ಕಾಟ್ಲೆಂಡಿನ ಹೆಂಗಸೊಬ್ಬಳಿಗೆ ಗೆಳತಿ ಕೊಡಿಸಿದ ಶುಂಠಿ ಪಾನೀಯದ ಬಾಟಲಿಯಲ್ಲಿ ಸತ್ತ ಬಸವನಹುಳು ಇತ್ತೆಂಬ ದಾವೆ ಅದು. 1963ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಮರಗೆಲಸದ ಯಂತ್ರದಿಂದ ಹಾರಿದ ತುಂಡು ಹಣೆಗೆ ಬಡಿದ ಮೊಕದ್ದಮೆಯಲ್ಲಿ, ತಯಾರಕನ ಅಜಾಗರೂಕತೆಯನ್ನು ಗಾಯಾಳು ತೋರಿಸಬೇಕಿಲ್ಲ, ವಸ್ತುವಿನ ದೋಷ ತೋರಿಸಿದರೆ ಸಾಕು ಎಂದಿತು. ನಮ್ಮಲ್ಲಿ 1986ರ ಗ್ರಾಹಕ ಕಾಯ್ದೆ ಬಂದಿದ್ದರೂ ವಸ್ತುವಿನ ದೋಷದಿಂದಾದ ಗಾಯಕ್ಕೆ ಅದರಲ್ಲಿ ಬೇರೆ ಅಧ್ಯಾಯ ಇರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಆ ಅಧ್ಯಾಯವನ್ನು ಸೇರಿಸಿತು. ಆರನೆಯ ಅಧ್ಯಾಯದ 82ರಿಂದ 87ರವರೆಗಿನ ಕಲಮುಗಳು 2020ರ ಜುಲೈ 20ರಿಂದ ಜಾರಿಯಲ್ಲಿವೆ. ಏಣಿಯಿಂದ ಬಿದ್ದವನು ಮೊದಲು ತಿಳಿಯಬೇಕಾದದ್ದು ಈ ಆರು ಕಲಮುಗಳನ್ನು.

84ನೆಯ ಕಲಂ ತಯಾರಕನನ್ನು ಐದು ಸಂದರ್ಭಗಳಲ್ಲಿ ಹಿಡಿಯುತ್ತದೆ. ತಯಾರಿಕೆಯಲ್ಲೇ ದೋಷ, ವಿನ್ಯಾಸದಲ್ಲಿ ದೋಷ, ತಾನೇ ಹಾಕಿಕೊಂಡ ತಯಾರಿಕಾ ಅಳತೆಗಳಿಂದ ತಪ್ಪಿದ್ದು, ಕೊಟ್ಟ ಭರವಸೆಗೆ ವಸ್ತು ಸರಿಹೊಂದದಿರುವುದು, ಸರಿಯಾಗಿ ಬಳಸುವ ಸೂಚನೆ ಅಥವಾ ಎಚ್ಚರಿಕೆ ಇಲ್ಲದಿರುವುದು. ಏಣಿಯ ಮಟ್ಟಿಗೆ ಇದನ್ನು ಬಿಡಿಸಿ ನೋಡೋಣ. ಒಂದೇ ಮಾದರಿಯ ನೂರು ಏಣಿಗಳಲ್ಲಿ ಒಂದರ ವೆಲ್ಡಿಂಗ್ ಬಿಟ್ಟುಕೊಂಡಿದ್ದರೆ ತಯಾರಿಕೆಯ ದೋಷ. ನೂರರ ಲಾಕೂ ಭಾರ ಬಿದ್ದೊಡನೆ ಜಾರುವಂಥದ್ದಾದರೆ ವಿನ್ಯಾಸದ ದೋಷ. ಏಣಿಯ ಕಾಲಿಗೆ ‘150 ಕೆಜಿ ತಡೆಯುತ್ತದೆ’ ಎಂಬ ಚೀಟಿ ಅಂಟಿಸಿದ್ದರೆ ಅದು ಭರವಸೆ. ಎಪ್ಪತ್ತು ಕೆಜಿಯ ಪೇಂಟರ್ ಹತ್ತಿದಾಗ ಮೆಟ್ಟಿಲು ಕಿತ್ತುಬಂದರೆ, ನಾವು ಎಚ್ಚರದಿಂದಲೇ ಮಾಡಿದ್ದೆವು ಎಂದು ಕಂಪನಿ ರುಜುವಾತು ಮಾಡಿದರೂ ಹೊಣೆ ತಪ್ಪುವುದಿಲ್ಲ ಎಂದು ಅದೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ನಾವು ಏಣಿ ಮನೆಗೆ ತಂದೊಡನೆ ಅಂಟು ಬಿಡಿಸಿ ಎಸೆಯುವ ಆ ಚೀಟಿಗೆ ಇಷ್ಟು ಬೆಲೆ ಇದೆ.

ದೋಷವನ್ನು ಎಷ್ಟರ ಮಟ್ಟಿಗೆ ಸಾಬೀತು ಮಾಡಬೇಕು ಎಂಬುದಕ್ಕೆ ಏಣಿಯದಲ್ಲದಿದ್ದರೂ ದಾರಿ ತೋರಿಸುವ ತೀರ್ಪೊಂದಿದೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹುಂಡೈ ಕಾರಿನ ಏರ್‌ಬ್ಯಾಗ್ ಪ್ರಕರಣವನ್ನು ತೀರ್ಮಾನಿಸಿತು. ಅಪಘಾತದಲ್ಲಿ ಮುಂದಿನ ಏರ್‌ಬ್ಯಾಗುಗಳು ತೆರೆದುಕೊಂಡಿರಲಿಲ್ಲ. ಅವು ತೆರೆಯುವಷ್ಟು ಹೊಡೆತ ಬಿದ್ದಿರಲಿಲ್ಲ ಎಂಬುದು ಕಂಪನಿಯ ವಾದ. ವೇಗ, ಬಲದ ಲೆಕ್ಕ ಹಾಕಿ ಕಾರು ಕೊಳ್ಳುವ ಹೊಣೆ ಗ್ರಾಹಕನದಲ್ಲ ಎಂದ ನ್ಯಾಯಾಲಯ ದಂಡರೂಪದ ಪರಿಹಾರವನ್ನೂ ಎತ್ತಿಹಿಡಿಯಿತು. ಏಣಿಗೂ ಇದೇ ನ್ಯಾಯ ಸಲ್ಲಬೇಕು. ಹತ್ತುವವನು ಲೋಹಶಾಸ್ತ್ರ ಕಲಿತು ಹತ್ತುವುದಿಲ್ಲ. ಆದರೆ ಆ ಪ್ರಕರಣದಲ್ಲಿ ಕಾರು ಕಣ್ಣೆದುರಿಗಿತ್ತು ಎಂಬುದನ್ನು ಮರೆಯಬಾರದು. ಏಣಿ ಗುಜರಿಗೆ ಹೋಗಿದ್ದರೆ ಮಾತಿಗೆ ಮಾತಷ್ಟೇ ಉಳಿಯುತ್ತದೆ.

ಕಂಪನಿಗೆ ತಪ್ಪಿಸಿಕೊಳ್ಳುವ ದಾರಿಗಳೂ ಇವೆ, 87ನೆಯ ಕಲಮಿನಲ್ಲಿ. ಏಣಿಯನ್ನು ತಪ್ಪಾಗಿ ಬಳಸಿದ್ದರೆ, ಮಾರ್ಪಡಿಸಿದ್ದರೆ ಮಾರಿದವನ ಮೇಲೆ ಹೊಣೆ ನಿಲ್ಲುವುದಿಲ್ಲ. ನಮ್ಮಲ್ಲಿ ಇದು ದೊಡ್ಡ ತೊಡಕು. ಎರಡು ಏಣಿಗಳನ್ನು ಹಗ್ಗದಿಂದ ಬಿಗಿದು ಉದ್ದ ಮಾಡುವುದು, ಸವೆದ ರಬ್ಬರ್ ಬುಷ್ ತೆಗೆದು ಸೈಕಲ್ ಟೈರಿನ ತುಂಡು ಸುತ್ತುವುದು, ಬಿಟ್ಟುಕೊಂಡ ಮೆಟ್ಟಿಲಿಗೆ ಪಕ್ಕದ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿಸುವುದು ದಿನನಿತ್ಯದ ಮಾತು. ಬಡತನಕ್ಕೆ ಅನಿವಾರ್ಯವಾದ ಈ ಜಾಣತನವೇ ನಾಳೆ ಕಂಪನಿಯ ವಕೀಲರ ಕೈಯ ಆಯುಧ. ಕುಡಿದು ಹತ್ತಿದ್ದರೆ ತಯಾರಕ ಎಚ್ಚರಿಕೆ ಕೊಟ್ಟಿರಲಿಲ್ಲ ಎಂಬ ಆಧಾರದ ಮೇಲೆ ಪರಿಹಾರವಿಲ್ಲ. ಎಲ್ಲರಿಗೂ ಗೊತ್ತಿರುವ ಅಪಾಯಕ್ಕೆ ಎಚ್ಚರಿಕೆ ಕೊಡಬೇಕಾಗಿಲ್ಲ ಎಂಬ ವಿನಾಯಿತಿಯೂ ಇದೆ. ಮಾಲೀಕ ತನ್ನ ಕೆಲಸದ ಜಾಗಕ್ಕೆಂದು ಏಣಿ ಕೊಂಡು, ಕಂಪನಿ ಅವನಿಗೆ ಎಚ್ಚರಿಕೆ ತಿಳಿಸಿದ್ದರೆ, ಕೂಲಿಯವನಿಗೆ ನೇರವಾಗಿ ತಿಳಿಸಲಿಲ್ಲವೆಂದು ದೂರುವಂತಿಲ್ಲ.

ಮಾರಿದ ಅಂಗಡಿಯವರು ‘ನಮ್ಮದೇನಿದೆ, ಕಂಪನಿಯವರನ್ನು ಕೇಳಿ’ ಎಂದು ಕೈ ತೊಳೆದುಕೊಳ್ಳುವುದುಂಟು. ಅರ್ಧ ಮಾತ್ರ ನಿಜ. ಅಂಗಡಿಯವರು ಏಣಿಯನ್ನು ಜೋಡಿಸುವಾಗ, ತಪಾಸಣೆ ಮಾಡುವಾಗ ಎಚ್ಚರ ತಪ್ಪಿದ್ದರೆ, ತಾವೇ ಬೇರೆ ಭರವಸೆ ಕೊಟ್ಟಿದ್ದರೆ, ಮಾರ್ಪಡಿಸಿ ಮಾರಿದ್ದರೆ 86ನೆಯ ಕಲಮಿನಡಿ ಅವರೇ ಹೊಣೆ. ಅದಕ್ಕಿಂತ ಮುಖ್ಯವಾದ ಅಂಶ, ತಯಾರಕ ಯಾರೆಂದೇ ಗೊತ್ತಿಲ್ಲದಿದ್ದರೆ ಅಥವಾ ಅವನಿಗೆ ನೋಟಿಸು ಮುಟ್ಟಿಸಲಾಗದಿದ್ದರೆ ತಯಾರಕನ ಹೊಣೆಯೂ ಮಾರಿದವನ ತಲೆಗೇ ಬರುತ್ತದೆ. ಹೆಸರಿಲ್ಲದ, ವಿಳಾಸವಿಲ್ಲದ ಏಣಿಗಳನ್ನು ಸಂತೆಯಲ್ಲೂ ಗಾಡಿಯಲ್ಲೂ ಮಾರುವವರಿಗೆ ಇದು ಗೊತ್ತಿರಬೇಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಿದ ಕಬ್ಬಿಣದ ಏಣಿಯಾದರೆ ಆ ಅಂಗಡಿಯವರೇ ಕಾನೂನಿನ ಕಣ್ಣಿನಲ್ಲಿ ತಯಾರಕರು. ಅವರು ನಮ್ಮೂರಿನವರೇ, ದಿನಾ ಮುಖ ನೋಡುವವರೇ ಎಂಬ ದಾಕ್ಷಿಣ್ಯದಿಂದ ಎಷ್ಟೋ ದೂರುಗಳು ಹುಟ್ಟುವುದೇ ಇಲ್ಲ.

ಆನ್‌ಲೈನಿನಲ್ಲಿ ತರಿಸಿದ ಏಣಿಯ ಕಥೆ ಬೇರೆ. ನಾವು ಬರೀ ಮಾರುಕಟ್ಟೆ, ಮಾರಾಟಗಾರರು ಬೇರೆ ಎಂಬುದು ದೊಡ್ಡ ಜಾಲತಾಣಗಳ ನಿಲುವು. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದಕ್ಕೆ ಪೆಟ್ಟು ಕೊಟ್ಟಿತು. ಕಡ್ಡಾಯ ಗುಣಮಟ್ಟದ ಆದೇಶಕ್ಕೆ ಹೊಂದದ ಪ್ರೆಶರ್ ಕುಕ್ಕರುಗಳನ್ನು ಮಾರಲು ಬಿಟ್ಟದ್ದಕ್ಕೆ ಅಮೆಜಾನ್‌ಗೆ 1 ಲಕ್ಷ ರೂಪಾಯಿ ದಂಡ ಹಾಕಿ, ಮಾರಾಟವಾಗಿದ್ದ 2,265 ಕುಕ್ಕರುಗಳನ್ನು ವಾಪಸು ಪಡೆದು ಗ್ರಾಹಕರಿಗೆ ಹಣ ಮರಳಿಸಲು ಆಜ್ಞೆ ಮಾಡಿತು. ಫ್ಲಿಪ್‌ಕಾರ್ಟ್ ಮೇಲೂ 598 ಕುಕ್ಕರುಗಳಿಗಾಗಿ ಅಂಥದೇ ಆಜ್ಞೆ ಬಂತು. ವಸ್ತುವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸುವುದು ಎಂದರೇನು ಎಂಬುದನ್ನು ನಮ್ಮ ಮನೆಯವರಿಗೆ ತಿಳಿಸಿ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಹಿಂದಕ್ಕೆ ಕರೆಸುವ ಅಧಿಕಾರ ಇರುವುದು ಕಾಯ್ದೆಯ 20ನೆಯ ಕಲಮಿನಲ್ಲಿ. ಅಪಾಯಕಾರಿ ವಸ್ತುಗಳನ್ನು ವಾಪಸು ಪಡೆಯಲು, ಬೆಲೆ ಮರಳಿಸಲು ಪ್ರಾಧಿಕಾರ ಆದೇಶಿಸಬಹುದು. ಐಎಸ್‌ಐ ಗುರುತು ಹೊತ್ತ ಸರಕು ಮಾನಕಕ್ಕೆ ತಪ್ಪಿದ್ದರೆ 2016ರ ಮಾನಕ ಬ್ಯೂರೋ ಕಾಯ್ದೆಯೂ ಮಾರಾಟ ನಿಲ್ಲಿಸಿ ಹಿಂದಕ್ಕೆ ಪಡೆಯಿರಿ ಎನ್ನುತ್ತದೆ, ಗ್ರಾಹಕನಿಗೆ ಪರಿಹಾರದ ಅವಕಾಶವನ್ನೂ ಇಟ್ಟಿದೆ. ವಾಹನಗಳಿಗೆ 2021ರ ಏಪ್ರಿಲ್‌ನಿಂದ ಬೇರೆಯೇ ಕಲಂ ಇದೆ. ಅಮೆರಿಕದಲ್ಲಿ 1972ರ ಕಾಯ್ದೆಯಿಂದ ಹುಟ್ಟಿದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಏಣಿಗಳನ್ನೂ ಸೇರಿಸಿ ವಾಪಸಾತಿಯ ಪ್ರಕಟಣೆಗಳನ್ನು ಹೊರಡಿಸುತ್ತಲೇ ಇರುತ್ತದೆ. ಅಲ್ಲಿರುವ ಕನ್ನಡದ ಮಕ್ಕಳು ಗ್ಯಾರೇಜಿನ ಏಣಿಯ ಮಾದರಿ ಸಂಖ್ಯೆಯನ್ನು ಆ ಪಟ್ಟಿಯಲ್ಲಿ ಹುಡುಕಿಕೊಳ್ಳಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಯಾರಾದರೂ ದೂರು ಕೊಟ್ಟ ಮೇಲೆಯೇ ಯಂತ್ರ ಅಲ್ಲಾಡುತ್ತದೆ. ದೂರನ್ನು ದೆಹಲಿಗೇ ಒಯ್ಯಬೇಕಿಲ್ಲ. 17ನೆಯ ಕಲಮಿನಡಿ ಹಾಸನದ ಜಿಲ್ಲಾಧಿಕಾರಿಗೆ ಬರೆದುಕೊಟ್ಟರೂ ಆಗುತ್ತದೆ. ವಿಚಾರಿಸಿ ಪ್ರಾಧಿಕಾರಕ್ಕೆ ವರದಿ ಮಾಡುವ ಅಧಿಕಾರ ಅವರಿಗಿದೆ. ಜಿಲ್ಲಾಧಿಕಾರಿಗೆ ಖಾತೆ, ಪಿಂಚಣಿಗೆ ಅರ್ಜಿ ಕೊಡುವ ನಾವು ಮುರಿದ ಏಣಿಯ ಬಗ್ಗೆಯೂ ಅರ್ಜಿ ಕೊಡಬಹುದು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಒಂದು ಎಚ್ಚರ. ಕಂಪನಿ ಏಣಿಯನ್ನು ವಾಪಸು ಕರೆದು ಬೆಲೆ ಮರಳಿಸಿದರೆ ಅದು ಏಣಿಯ ಲೆಕ್ಕ, ಮುರಿದ ಸೊಂಟದ ಲೆಕ್ಕವಲ್ಲ. ವಾಪಸಾತಿಯ ಪ್ರಕಟಣೆ ಗಾಯಾಳುವಿನ ಕೈಗೆ ಸಿಕ್ಕ ಒಳ್ಳೆಯ ಸಾಕ್ಷಿ. ಆದರೆ ಹೊಸ ಏಣಿ ಕೊಡುತ್ತೇವೆ, ಹಳೆಯದನ್ನು ಕೊಟ್ಟು ಇಲ್ಲಿ ಸಹಿ ಮಾಡಿ ಎಂದು ಯಾರಾದರೂ ಕಾಗದ ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ. ‘ಇನ್ನು ಮುಂದೆ ಯಾವ ತಕರಾರೂ ಇಲ್ಲ’ ಎಂಬ ಒಂದು ಸಾಲು ಅದರಲ್ಲಿದ್ದರೆ ಲಕ್ಷಗಳ ಹಕ್ಕು ಮೂರು ಸಾವಿರದ ಏಣಿಗೆ ಹೋಗುತ್ತದೆ.

ಇನ್ನು ಗಾಯದ ಪರಿಹಾರಕ್ಕೆ ಗ್ರಾಹಕ ಆಯೋಗದ ದಾರಿ. 1986ರ ಕಾಯ್ದೆಯಲ್ಲಿ ಸಾಮಾನ್ಯವಾಗಿ ಎದುರುದಾರ ಇದ್ದಲ್ಲಿಗೆ, ಇಲ್ಲವೇ ವ್ಯವಹಾರ ನಡೆದಲ್ಲಿಗೆ ಹೋಗಬೇಕಿತ್ತು. ಈಗ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಗುಜರಾತಿನದಾಗಲಿ, ದೆಹಲಿಯದಾಗಲಿ, ಅರಕಲಗೂಡಿನವನಿಗೆ ಹಾಸನದ ಜಿಲ್ಲಾ ಗ್ರಾಹಕ ಆಯೋಗ ಸಾಕು. 2021ರ ಡಿಸೆಂಬರಿನ ನಿಯಮದಂತೆ 50 ಲಕ್ಷದವರೆಗಿನ ಪ್ರಕರಣ ಜಿಲ್ಲಾ ಆಯೋಗದ್ದು. ಆ ಲೆಕ್ಕ ಕೊಂಡ ವಸ್ತುವಿಗೆ ತೆತ್ತ ಬೆಲೆಯದು, ಕೇಳುವ ಪರಿಹಾರದ್ದಲ್ಲ. ಏಣಿಗೆ ಕೊಟ್ಟದ್ದು 4,000 ರೂಪಾಯಿ, ಪರಿಹಾರ ಕೇಳುವುದು 20 ಲಕ್ಷವಾದರೂ ಹಾಸನವೇ. ದೂರನ್ನು ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. 2025ರ ಜನವರಿಯಿಂದ ಇದಕ್ಕೆ ಇ-ಜಾಗೃತಿ ಎಂಬ ವ್ಯವಸ್ಥೆ ಇದೆ. ವಿಡಿಯೋ ಮೂಲಕ ವಿಚಾರಣೆ ಕೇಳಿಕೊಳ್ಳಲೂ ಅವಕಾಶವಿದೆ. ಮೊಳಕಾಲಿಗೆ ಪ್ಲೇಟ್ ಹಾಕಿಸಿಕೊಂಡವನಿಗೆ ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬಂದು ಹೋಗುವ ಕಷ್ಟ ತಪ್ಪುವುದು ಸಣ್ಣ ಮಾತಲ್ಲ. ವಕೀಲರಿಲ್ಲದೆ ತಾನೇ ವಾದಿಸಬಹುದು, ಆದರೂ ಉತ್ಪನ್ನ ದೋಷದ ದೂರಿನಲ್ಲಿ ತಿಳಿದ ವಕೀಲರೊಬ್ಬರು ಜೊತೆಗಿರುವುದು ಮೇಲು.

ಕಾಲಮಿತಿ ಎರಡು ವರ್ಷ. ತಡವಾದರೆ ಕಾರಣ ಹೇಳಿ ಮನ್ನಣೆ ಬೇಡಬಹುದು, ಅದನ್ನು ನಂಬಿ ಕೂರಬಾರದು. ನೋಟಿಸು ತಲುಪಿದ ಮೇಲೆ ಎದುರುದಾರನಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. 45 ದಿನ ಮೀರಿದರೆ ಉತ್ತರ ತೆಗೆದುಕೊಳ್ಳುವಂತಿಲ್ಲ ಎಂದು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಖಚಿತಪಡಿಸಿತು. ದೋಷ ಪರೀಕ್ಷೆಯಿಲ್ಲದೆ ತಿಳಿಯುವಂತಿಲ್ಲದಿದ್ದರೆ ಆಯೋಗವೇ ಏಣಿಯನ್ನು ಮುದ್ರೆ ಹಾಕಿ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸುತ್ತದೆ, ಶುಲ್ಕವನ್ನು ಮೊದಲು ದೂರುದಾರ ಕಟ್ಟಬೇಕು. ಪರೀಕ್ಷೆ ಬೇಕಾದ ದೂರು ಐದು ತಿಂಗಳಲ್ಲಿ, ಬೇಡದ್ದು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನಡೆಯುವುದು ಅದಕ್ಕಿಂತ ನಿಧಾನ. ಗೆದ್ದರೆ ಚಿಕಿತ್ಸೆಯ ಖರ್ಚು, ಕಳೆದುಹೋದ ದುಡಿಮೆ, ಮುಂದಿನ ದುಡಿಮೆಯ ನಷ್ಟ, ನೋವು, ಮಾನಸಿಕ ಯಾತನೆ ಇವೆಲ್ಲಕ್ಕೂ ಪರಿಹಾರ ಸಿಗಬಹುದು. ಗಾಯಾಳು ಸತ್ತರೆ ವಾರಸುದಾರರು ದೂರು ಮುಂದುವರಿಸಬಹುದು. ಅಪಾಯಕಾರಿ ಏಣಿಯನ್ನು ಮಾರಾಟದಿಂದ ತೆಗೆಯಿರಿ ಎಂದು ಆಯೋಗವೂ ಆದೇಶಿಸಬಹುದು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆಯಾಗಬಹುದು.

ಇಷ್ಟೆಲ್ಲ ಇದ್ದೂ ಈ ಕಾಯ್ದೆಯ ಒಂದು ಕೀಲು ಸಡಿಲವಾಗಿದೆ. ಅದು ಕೂಲಿಯವನ ಜಾಗ. ಗ್ರಾಹಕ ಎಂದರೆ ಕೊಂಡವನು, ಇಲ್ಲವೇ ಕೊಂಡವನ ಒಪ್ಪಿಗೆಯಿಂದ ಬಳಸಿದವನು. ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಹೊಟ್ಟೆಪಾಡಿಗೆ ತಾನೇ ದುಡಿಯಲು ಕೊಂಡವನು ಮಾತ್ರ ಗ್ರಾಹಕ. ಹೊಳೆನರಸೀಪುರದ ಪೇಂಟರ್ ತನ್ನ ಏಣಿ ತಾನೇ ಕೊಂಡಿದ್ದರೆ ದಾರಿ ಸುಗಮ. ಮನೆಯ ಏಣಿಯಿಂದ ಮನೆಯ ಹೆಣ್ಣುಮಗಳು ಬಿದ್ದರೂ ಸುಗಮ. ಆದರೆ ಹತ್ತು ಜನರನ್ನಿಟ್ಟು ಕೆಲಸ ಮಾಡಿಸುವ ಕಂಟ್ರಾಕ್ಟರ್ ಕೊಂಡ ಏಣಿಯಿಂದ ಕೂಲಿಯವನು ಬಿದ್ದರೆ, ಆ ಖರೀದಿ ವಾಣಿಜ್ಯದ್ದು, ಆದ್ದರಿಂದ ಬಿದ್ದವನೂ ಗ್ರಾಹಕನಲ್ಲ ಎಂದು ಕಂಪನಿ ವಾದಿಸುತ್ತದೆ. ಉತ್ಪನ್ನ ಹೊಣೆಯ ದಾವೆಯ ವ್ಯಾಖ್ಯೆಯಲ್ಲಿ ‘ವ್ಯಕ್ತಿ’ ಎಂಬ ಪದವಿದೆ, ದೂರು ಕೊಡುವವರ ವ್ಯಾಖ್ಯೆಯಲ್ಲಿ ‘ಗ್ರಾಹಕ’ ಎಂಬ ಪದವಿದೆ. ಎರಡರ ನಡುವೆ ಎಳೆದಾಟಕ್ಕೆ ಜಾಗ ಉಳಿದಿದೆ. ಎಲ್ಲರಿಗಿಂತ ಹೆಚ್ಚು ಏಣಿ ಹತ್ತುವವನನ್ನೇ ಕಾಯ್ದೆ ಹೊಸ್ತಿಲಲ್ಲಿ ನಿಲ್ಲಿಸಿದ್ದು ನನ್ನ ಮಟ್ಟಿಗೆ ದೊಡ್ಡ ಕೊರತೆ. ಸಂಸತ್ತು ಇದನ್ನು ತಿದ್ದಬೇಕು.

ಅಲ್ಲಿಯತನಕ ಕೂಲಿಯವನಿಗೆ ಗಟ್ಟಿಯಾದ ದಾರಿ ನೌಕರರ ಪರಿಹಾರ. 1923ರ ಕಾಯ್ದೆಯ ಈ ವ್ಯವಸ್ಥೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಏಳನೆಯ ಅಧ್ಯಾಯದಲ್ಲಿ ಸೇರಿದೆ. ಇಲ್ಲಿ ಏಣಿ ಒಳ್ಳೆಯದಿತ್ತೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಇಲ್ಲ. ಕೆಲಸ ಮಾಡುತ್ತ, ಕೆಲಸದಿಂದಾಗಿ ಪೆಟ್ಟಾಯಿತೇ ಎಂದಷ್ಟೇ ನೋಡುತ್ತಾರೆ. ಪೂರ್ಣ ಶಾಶ್ವತ ಅಂಗವಿಕಲತೆಗೆ ತಿಂಗಳ ಕೂಲಿಯ ಶೇಕಡ 60ನ್ನು, ಸಾವಿಗೆ ಶೇಕಡ 50ನ್ನು ವಯಸ್ಸಿಗೆ ಗೊತ್ತುಮಾಡಿದ ಅಂಕಿಯಿಂದ ಗುಣಿಸುತ್ತಾರೆ. ಲೆಕ್ಕಕ್ಕೆ ತೆಗೆದುಕೊಳ್ಳುವ ಕೂಲಿಯ ಮಿತಿಯನ್ನು 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿಸಲಾಯಿತು. ನಲವತ್ತು ವರ್ಷದವನಿಗೆ ಅಂಕಿ 184.17. ಆ ಕೂಲಿಯವನು ಏಣಿಯಿಂದ ಬಿದ್ದು ಮತ್ತೆ ದುಡಿಯಲಾಗದೆ ಹೋದರೆ 15,000ದ ಶೇಕಡ 60 ಆದ 9,000ವನ್ನು 184.17ರಿಂದ ಗುಣಿಸಿ 16,57,530 ರೂಪಾಯಿ. ದುಡಿಮೆಯ ಶಕ್ತಿ ಶೇಕಡ 40 ಕುಂದಿದ್ದರೆ 6,63,012 ರೂಪಾಯಿ. ತಡಮಾಡಿದ ಮಾಲೀಕ ಶೇಕಡ 12 ಬಡ್ಡಿ ತೆರಬೇಕು.

ಶೇಕಡಾವಾರು ಎಷ್ಟು ಎಂಬಲ್ಲಿಯೇ ಜಗಳ. ವೈದ್ಯರು ಕೈಯ ಅಂಗವಿಕಲತೆ ಇಷ್ಟು ಎಂದು ಬರೆಯುತ್ತಾರೆ, ದುಡಿಮೆಗೆ ಬಿದ್ದ ಪೆಟ್ಟು ಅದಕ್ಕಿಂತ ಹೆಚ್ಚಿರಬಹುದು. 1976ರಲ್ಲಿ ವರದಿಯಾದ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ ಇಂದಿಗೂ ಬಡವರ ಪಾಲಿನ ಆಸರೆ. ಸಿನಿಮಾ ಮಂದಿರದ ಅಲಂಕಾರದ ಕೆಲಸದಲ್ಲಿದ್ದ ಬಡಗಿಯೊಬ್ಬ ಬಿದ್ದು ಎಡಗೈ ಕಳೆದುಕೊಂಡಿದ್ದ. ಒಂದು ಕೈ ಉಳಿದಿದೆಯಲ್ಲ ಎಂಬುದು ಮಾಲೀಕನ ಮಾತು. ಒಂದೇ ಕೈಯಿಂದ ಬಡಗಿ ಕೆಲಸ ನಡೆಯುವುದಿಲ್ಲ, ಇದು ಪೂರ್ಣ ಅಂಗವಿಕಲತೆಯೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಪಾದದ ಕೀಲು ಮಡಚದ ತೆಂಗಿನಕಾಯಿ ಕೆಡವುವವನಿಗೆ, ಭುಜ ಮೇಲೇಳದ ಪೇಂಟರನಿಗೆ ಈ ತೀರ್ಪನ್ನು ಮುಂದಿಡಬೇಕು.

ಈ ದಾರಿಗೂ ಬೇಲಿಗಳಿವೆ. ಯಾವ ಯಾವ ಕೆಲಸದವರಿಗೆ ಎಂಬ ಪಟ್ಟಿ ಇದೆ. ಕಟ್ಟಡದ ಕೆಲಸವಾದರೆ ಒಂದಕ್ಕಿಂತ ಹೆಚ್ಚು ಅಂತಸ್ತು, ಇಲ್ಲವೇ ಚಾವಣಿಯ ತುದಿಗೆ 12 ಅಡಿ ಇರಬೇಕೆಂದು 1923ರ ಪಟ್ಟಿ ಹೇಳುತ್ತಿತ್ತು. ಮನೆಯವರು ಒಂದು ದಿನದ ಕೆಲಸಕ್ಕೆ ಕರೆದವನು ಪಟ್ಟಿಯ ಹೊರಗುಳಿಯಬಹುದು. ಮೇಸ್ತ್ರಿ ಕರೆತಂದಿದ್ದರೆ ಮೇಸ್ತ್ರಿಯೇ ಮಾಲೀಕ ಎನಿಸಬಹುದು. ‘ಅವನು ನನ್ನ ಹತ್ತಿರ ಕೆಲಸಕ್ಕೇ ಇರಲಿಲ್ಲ’ ಎಂಬ ಮಾತನ್ನು ಮುರಿಯಲು ಕೂಲಿ ಕೊಟ್ಟ ಫೋನ್‌ಪೇ ಚೀಟಿ, ಜೊತೆಯ ಕೆಲಸದವರ ಹೇಳಿಕೆ ಬೇಕು. ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿದ್ದವರಿಗೆ ಅಲ್ಲಿಂದ ಅಪಘಾತ ನೆರವು ಬೇರೆ ಇದೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ, ಕಂತಿನ ದೊಡ್ಡ ಪಾಲನ್ನು ಮಂಡಳಿಯೇ ಕಟ್ಟುತ್ತದೆ. ಮರ ಹತ್ತುವ ಯಂತ್ರದ ಕೊಕ್ಕೆ, ತಂತಿ ಕೈಕೊಟ್ಟರೆ ಅದೂ ಉತ್ಪನ್ನ ದೋಷವೇ; ವಿಮೆ ಪಡೆದ ಮಾತ್ರಕ್ಕೆ ಯಂತ್ರ ಮಾಡಿದವನ ಹೊಣೆ ಹೋಗುವುದಿಲ್ಲ. ಇನ್ನೊಂದು, ಬ್ಯಾಂಕಿನವರು ವರ್ಷಕ್ಕೆ 20 ರೂಪಾಯಿ ಕಡಿದುಕೊಳ್ಳುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಅಪಘಾತದ ಸಾವಿಗೆ 2 ಲಕ್ಷ. ಮರದಿಂದ ಬಿದ್ದಂಥ ಅಪಘಾತಕ್ಕೆ ಆ ಕೂಡಲೇ ಆಸ್ಪತ್ರೆ ಸೇರಿದ ದಾಖಲೆ ಇದ್ದರೆ ಸಾಕು. ಸತ್ತವನ ಪಾಸ್‌ಬುಕ್ಕಿನ ಆ 20 ರೂಪಾಯಿಯ ಸಾಲನ್ನು ಗಮನಿಸದೆ ಎಷ್ಟು ಮನೆಗಳವರು ಈ ಹಣ ಬಿಟ್ಟಿದ್ದಾರೋ.

ನನಗೆ ಹೆಚ್ಚು ಕಾಡುವುದು ಮೆಣಸಿನ ಏಣಿ. ಹಾಸನ, ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಕೊಯ್ಲಿನ ಕಾಲಕ್ಕೆ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕೂಲಿಯವರು ಸತ್ತ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಏಣಿ ಮುರಿದಿರುವುದಿಲ್ಲ. ಹಗುರವಾಗಿದೆ, ತುಕ್ಕು ಹಿಡಿಯದು ಎಂದು ಹೊಗಳಿ ಮಾರಿದ ಅದೇ ಗುಣದ ಜೊತೆಗೆ ವಿದ್ಯುತ್ ಹರಿಸುವ ಗುಣವೂ ಅದರಲ್ಲಿದೆ. ಒಂದು ಮರದಿಂದ ಇನ್ನೊಂದಕ್ಕೆ ಏಣಿಯನ್ನು ನೆಟ್ಟಗೆ ಎತ್ತಿ ಒಯ್ಯುವಾಗ, ಎಲೆಗಳ ಮರೆಯಲ್ಲಿರುವ ತಂತಿ ಕಾಣುವುದಿಲ್ಲ. ರಸ್ತೆಯಲ್ಲದ ಜಾಗದಲ್ಲಿ 11 ಕಿಲೋವೋಲ್ಟ್‌ವರೆಗಿನ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿರಬೇಕೆಂದು 1956ರ ವಿದ್ಯುತ್ ನಿಯಮಗಳ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಅಂದರೆ 15 ಅಡಿ. ಮೆಣಸಿನ ಏಣಿ 25 ಅಡಿ. ನಿಯಮದ ಪ್ರಕಾರವೇ ಎಳೆದ ತಂತಿಗೂ ಏಣಿ ಮುಟ್ಟುತ್ತದೆ.

ಇಲ್ಲಿ ಮೂವರನ್ನು ಕೇಳಬೇಕು. ಮೊದಲು ತೋಟದ ಮಾಲೀಕರನ್ನು, ನೌಕರರ ಪರಿಹಾರದಡಿ. ಎರಡನೆಯದು ವಿದ್ಯುತ್ ಕಂಪನಿಯನ್ನು. ನಮ್ಮ ಜಿಲ್ಲೆಗೆ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ವಿದ್ಯುತ್ತಿನಂಥ ಅಪಾಯದ ವಸ್ತುವನ್ನು ಒಯ್ಯುವವರು ತಪ್ಪಿಲ್ಲದಿದ್ದರೂ ಹೊಣೆ ಹೊರಬೇಕೆಂದು 2002ರ ಮಧ್ಯಪ್ರದೇಶ ವಿದ್ಯುತ್ ಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಂತಿ ಜೋತುಬಿದ್ದಿದ್ದರೆ ಮಾತೇ ಇಲ್ಲ. ಅಪಘಾತದ ದಿನವೇ ಅದರ ಎತ್ತರ ಅಳೆಸಿ ಚಿತ್ರ ತೆಗೆದಿಡಬೇಕು, ವಿದ್ಯುತ್ ಪರಿವೀಕ್ಷಕರ ವಿಚಾರಣೆ ಕೇಳಬೇಕು. ಮೂರನೆಯದು ಏಣಿಯ ಕಂಪನಿಯನ್ನು. ವಿದ್ಯುತ್ ತಂತಿಯ ಬಳಿ ಒಯ್ಯಬೇಡಿ ಎಂಬ ಎಚ್ಚರಿಕೆ ಏಣಿಯ ಮೇಲೆ ಇತ್ತೇ, ಇದ್ದರೆ ಹತ್ತುವವನು ಓದಬಲ್ಲ ಭಾಷೆಯಲ್ಲಿತ್ತೇ? ಲೋಹದಲ್ಲಿ ಕರೆಂಟ್ ಹರಿಯುವುದು ಎಲ್ಲರಿಗೂ ಗೊತ್ತು ಎಂದು ಕಂಪನಿ 87ನೆಯ ಕಲಂ ತೋರಿಸಬಹುದು. ಕನ್ನಡನಾಡಿನ ತೋಟಗಳಿಗೆಂದೇ ಮಾರುವ 25 ಅಡಿ ಏಣಿಯ ಮೇಲೆ ಇಂಗ್ಲಿಷಿನಲ್ಲಷ್ಟೇ ಸಣ್ಣ ಅಕ್ಷರದ ಚೀಟಿ ಅಂಟಿಸಿ ಕೈತೊಳೆದುಕೊಂಡರೆ ಅದನ್ನು ಸಾಕಷ್ಟು ಎಚ್ಚರಿಕೆ ಎನ್ನಲಾಗದು ಎಂಬುದು ನನ್ನ ದೃಢವಾದ ನಂಬಿಕೆ.

ಬಾಡಿಗೆ ಏಣಿ, ಕೈಗಡದ ಏಣಿಗೆ ಒಂದು ಹಳೆಯ ಕಾನೂನು ಇದೆ, 1872ರ ಕರಾರು ಕಾಯ್ದೆಯ 150ನೆಯ ಕಲಂ. ಬಾಡಿಗೆಗೆ ಕೊಟ್ಟವನಿಗೆ ದೋಷ ಗೊತ್ತಿರಲಿ ಇಲ್ಲದಿರಲಿ, ಆದ ನಷ್ಟಕ್ಕೆ ಅವನೇ ಹೊಣೆ. ಸೆಂಟ್ರಿಂಗ್ ಸಾಮಾನಿನ ಬಾಡಿಗೆ ಅಂಗಡಿಗಳಿಗೆ ಇದು ನೇರವಾಗಿ ತಾಗುತ್ತದೆ. ನೆರೆಯವರು ಪುಕ್ಕಟೆ ಕೊಟ್ಟ ಏಣಿಯಾದರೆ ತಮಗೆ ಗೊತ್ತಿದ್ದ ದೋಷವನ್ನು ಹೇಳದಿದ್ದುದಕ್ಕಷ್ಟೇ ಅವರು ಹೊಣೆ. ಮೂರನೆಯ ಮೆಟ್ಟಿಲು ಸಡಿಲವಿದೆ ಎಂದು ಹೇಳಿ ಕೊಡುವುದು ನಮ್ಮ ಊರುಗಳ ವಾಡಿಕೆ. ಕಾನೂನು ಕೇಳುವುದೂ ಅಷ್ಟನ್ನೇ.

ಸಿವಿಲ್ ದಾವೆ, ಕ್ರಿಮಿನಲ್ ದೂರು ಕೊನೆಯ ದಾರಿಗಳು. ಅಜಾಗರೂಕತೆಯಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106, ಗಾಯವಾದರೆ 125ನೆಯ ಕಲಂ. ಪೊಲೀಸ್ ದೂರಿನಿಂದ ಹಣ ಬರುವುದಿಲ್ಲ, ಆದರೆ ಮಹಜರು ನಡೆದು ಏಣಿ ಪೊಲೀಸರ ವಶದಲ್ಲಿ ಭದ್ರವಾಗಿ ಉಳಿಯುತ್ತದೆ. ಅದೊಂದೇ ದೊಡ್ಡ ಲಾಭ. ಸಿವಿಲ್ ದಾವೆಗೆ ನ್ಯಾಯಾಲಯ ಶುಲ್ಕ, ವರ್ಷಗಟ್ಟಲೆ ಅಲೆದಾಟ. ಗ್ರಾಹಕ ಆಯೋಗದ ಬಾಗಿಲು ಮುಚ್ಚಿರುವ ಕೂಲಿಯವನು ತಯಾರಕನನ್ನೇ ಹಿಡಿಯಬೇಕೆಂದರೆ ಮಾತ್ರ ಇದು ಬೇಕಾಗುತ್ತದೆ. ಹೆಂಗಸರು, ಪರಿಶಿಷ್ಟರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಂತೆ ವಕೀಲರು ಉಚಿತ. ಹಾಸನದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕು ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ದೂರವಾಣಿ 15100.

ಆಸ್ಪತ್ರೆಯ ಮೊದಲ ಚೀಟಿಯ ಬಗ್ಗೆ ಒಂದು ಮಾತು. ತಾಲ್ಲೂಕು ಆಸ್ಪತ್ರೆಯಾಗಲಿ, ಹಾಸನದ ಹಿಮ್ಸ್ ಆಸ್ಪತ್ರೆಯಾಗಲಿ, ಹೇಗೆ ಬಿದ್ದಿರಿ ಎಂದು ವೈದ್ಯರು ಕೇಳಿದಾಗ ನೋವಿನಲ್ಲಿ ‘ಬಿದ್ದೆ’ ಎಂದಷ್ಟೇ ಹೇಳಿದರೆ ಚೀಟಿಯಲ್ಲಿ ಅಷ್ಟೇ ಉಳಿಯುತ್ತದೆ. ‘ಏಣಿಯ ಮೆಟ್ಟಿಲು ಕಿತ್ತುಬಂದು ಬಿದ್ದೆ’ ಎಂದು ಜೊತೆಗಿರುವವರಾದರೂ ಬರೆಸಬೇಕು. ಎರಡು ವರ್ಷದ ಮೇಲೆ ನಡೆಯುವ ವಾದದಲ್ಲಿ ಈ ನಾಲ್ಕು ಪದಗಳಿಗೆ ನೂರು ಪುಟದ ಅಫಿಡವಿಟ್ಟಿಗಿಲ್ಲದ ಬೆಲೆ ಬರುತ್ತದೆ.

2018ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಹಿಂದೆ ಎದ್ದ ಲೋಹದ ಅಟ್ಟಣಿಗೆಯನ್ನು ಲಕ್ಷಾಂತರ ಜನ ಕಂಡರು. ಅಂಥದ್ದಕ್ಕೆ ನಕ್ಷೆ, ಭಾರದ ಲೆಕ್ಕ, ತಪಾಸಣೆ ಎಲ್ಲ ಇರುತ್ತವೆ. ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ಹಿತ್ತಿಲ ಗೋಡೆಗೆ ಒರಗಿರುವ ಏಣಿಯನ್ನು ಯಾರೂ ನೋಡುವುದಿಲ್ಲ. ಏಣಿಗಳ ಸುರಕ್ಷೆಗೆ ಭಾರತೀಯ ಮಾನಕ ಐಎಸ್ 3696ರ ಎರಡನೆಯ ಭಾಗ ಇದೆ. ಏಣಿ ಅದಕ್ಕೆ ತಕ್ಕಂತಿರಲಿಲ್ಲ ಎಂದು ತೋರಿಸಿದರೆ ವಿನ್ಯಾಸ ದೋಷದ ವಾದಕ್ಕೆ ಬಲ ಬರುತ್ತದೆ.

ಯಾರ ಮನೆಯಲ್ಲಾದರೂ ಏಣಿ ಕೈಕೊಟ್ಟು ಯಾರಾದರೂ ಬಿದ್ದಿದ್ದರೆ, ದಯವಿಟ್ಟು ಆ ಏಣಿಯನ್ನು ಗುಜರಿಗೆ ಹಾಕಬೇಡಿ, ರಿಪೇರಿ ಮಾಡಿಸಬೇಡಿ. ಮುರಿದ ಜಾಗದ ಚಿತ್ರ ತೆಗೆದು, ಚೀಟಿ, ಬಿಲ್ಲಿನ ಜೊತೆ ಅಟ್ಟದ ಮೇಲೆ ಕಟ್ಟಿಡಿ. 5 ಲಕ್ಷದವರೆಗೆ ಬೆಲೆಯ ವಸ್ತುವಿನ ಬಗ್ಗೆ ಹಾಸನದ ಆಯೋಗಕ್ಕೆ ದೂರು ಕೊಡಲು ಒಂದು ರೂಪಾಯಿಯ ಶುಲ್ಕವೂ ಇಲ್ಲ.